ಅರಿಶಿನ ಹಚ್ಚಿದ ಪ್ರೂಫ್

ನನಗೆ ಯಾರ ಮಾತನ್ನೂ ಒಂದೇ ಸಲಕ್ಕೆ ನಂಬಿ ಗೊತ್ತಿಲ್ಲ. ತರಕಾರಿಯವಳು ‘ಇವತ್ತ ಹರದ ಬದನೀಕಾಯ್ರಿ’ ಎಂದರೆ ತೊಟ್ಟು ತಿರುಗಿಸಿ ನೋಡುತ್ತೇನೆ. ನೆಂಟರು ‘ಸುಮ್ನ ಈ ಕಡೆ ಹಾದು ಹೊಂಟಿದ್ವಿ’ ಎಂದರೆ, ಏನು ಕೇಳಲು ಬಂದಿದ್ದಾರೆಂದು ಚಹಾ ಕುದಿಯುವುದರೊಳಗೆ ತರ್ಕ ಮಾಡಿರುತ್ತೇನೆ. ‘ನಮ್ಮ ಅಂಗಡ್ಯಾಗ ಒಂದ ಸಿ.ಐ.ಡಿ. ಆಫೀಸೂ ಐತ್ರಿ’ ಎಂದು ಅಣ್ಣ ಬಂದ ಗಿರಾಕಿಗಳ ಮುಂದೆಲ್ಲ ಹೇಳಿ ನಗಿಸುತ್ತಿದ್ದ. ನಗಲಿ. ನಕ್ಕವರೇ ಮುಂದೆ ಅಚ್ಚಾದ ಕಾರ್ಡು ಹಿಡಿದು ತಕರಾರು ತಂದಾಗ ಎದುರು ನಿಂತು ಮಾತಾಡುತ್ತಿದ್ದವಳು ನಾನು, ಅವನಲ್ಲ.

ಚಿಕ್ಕೋಡಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಮ್ಮದೊಂದು ಸಣ್ಣ ಪ್ರೆಸ್ಸು. ಎಂಬತ್ತರ ದಶಕ ಪೂರ್ತಿ ಅಕ್ಷರದ ಮೊಳೆ ಜೋಡಿಸಿಯೇ ಅಚ್ಚು ಹಾಕಿದೆವು. ಸೀಸದ ಮೊಳೆಯಲ್ಲಿ ಮೋಸವಿರಲಿಲ್ಲ. ಕೈಯಲ್ಲಿ ಹಿಡಿದರೆ ತೂಕ ಗೊತ್ತಾಗುತ್ತಿತ್ತು. ಅಕ್ಷರ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ತೊಂಬತ್ತರ ದಶಕದ ನಡುವೆ ಅಣ್ಣನಿಗೆ ಎಲ್ಲಿಂದ ಹುಕಿ ಬಂತೋ, ಒಂದು ಕಂಪ್ಯೂಟರ್ ತಂದು ಕೂರಿಸಿದ. ಜೊತೆಗೆ ಫೋಟೋ ಒಳಗೆ ಎಳೆದುಕೊಳ್ಳುವ ಸ್ಕ್ಯಾನರ್. ಅದನ್ನೆಲ್ಲ ಕಲಿಯಲು ನನ್ನನ್ನು ನಿಪ್ಪಾಣಿಗೆ ಅಟ್ಟಿದ.

ಅಲ್ಲಿ ಕಲಿಸಿದ ಪದಗಳನ್ನು ಕೇಳಿದಾಗಲೇ ನನಗೆ ಗುಮಾನಿ ಹತ್ತಿತು. ಕಾಗದವನ್ನು ಕತ್ತರಿಸುವ ಗೆರೆಯ ಆಚೆಗೂ ಬಣ್ಣ ಚಾಚಿರಬೇಕಂತೆ, ಅದಕ್ಕೆ ಬ್ಲೀಡ್ ಎನ್ನಬೇಕಂತೆ. ಕತ್ತರಿಸಿ ಒಗೆಯುವ ಜಾಗಕ್ಕೆ ಬಣ್ಣ ಯಾಕೆ? ಕಾರ್ಡಿನಲ್ಲಿ ಬೇಕೆಂದೇ ಖಾಲಿ ಬಿಡುವ ಜಾಗಕ್ಕೆ ವೈಟ್ ಸ್ಪೇಸ್. ಗುಲಾಬಿ ಬಣ್ಣದ ಕಾಗದದ ಮೇಲೂ ಅದು ವೈಟೇ! ಪರದೆಯ ಮೇಲೆ ಕಾಣುವ ಬಣ್ಣ ಬೇರೆ, ಶಾಯಿಯಲ್ಲಿ ಬರುವ ಬಣ್ಣ ಬೇರೆ. ಅದಕ್ಕೂ ಇದಕ್ಕೂ ಎರಡು ಬೇರೆ ಹೆಸರು. ಕಣ್ಣೆದುರು ಒಂದು ತೋರಿಸಿ ಕೈಗೆ ಇನ್ನೊಂದು ಕೊಡುವುದಕ್ಕೆ ಊರಲ್ಲಿ ಏನೆನ್ನುತ್ತಾರೆ ಎಂದು ಕಲಿಸುವವರನ್ನು ಕೇಳಿಯೂ ಬಿಟ್ಟೆ. ಅವರು ನಗಲಿಲ್ಲ.

ನಮ್ಮ ಗಿರಾಕಿಗಳೇನು ಕಡಿಮೆಯೇ? ಅವರ ಮುಂದೆ ನಾನು ಭೋಳೆ ಶಂಕರಿ. ‘ಬಾಯಾರ, ಇಷ್ಟ್ ಜಾಗಾ ಖಾಲಿ ಬಿಟ್ಟೀರಲ್ಲ, ಇಲ್ಲೆ ನಮ್ಮ ಕಾಕಾನ ಮಕ್ಕಳ ಹೆಸರು ಹಿಡೀತಾವಲ್ರೀ’ ಎಂದು ವೈಟ್ ಸ್ಪೇಸಿನ ಮೇಲೆ ಬೆರಳಿಟ್ಟು ಜಗಳ ತೆಗೆಯುತ್ತಿದ್ದರು. ಅಕ್ಷರದ ಗಾತ್ರ ಅಳೆಯುವ ಪಾಯಿಂಟ್ ಲೆಕ್ಕ ಗೊತ್ತಾದ ಮೇಲಂತೂ ಮುಗಿಯಿತು. ತಮ್ಮನ ಹೆಸರಿಗಿಂತ ತನ್ನ ಹೆಸರು ಎರಡು ಪಾಯಿಂಟ್ ದೊಡ್ಡದಿರಲಿ ಎಂದು ಅಣ್ಣ, ಅವನ ಬೆನ್ನಿಗೇ ಬಂದು ಗುಟ್ಟಾಗಿ ತನ್ನದನ್ನು ದೊಡ್ಡದು ಮಾಡಿಸಿ ಹೋಗುವ ತಮ್ಮ. ‘ಎಲ್ಲಾರ್ದೂ ದೊಡ್ಡದ ಮಾಡಿದ್ರ ಯಾರ್ದೂ ದೊಡ್ಡದ ಆಗಂಗಿಲ್ರಿ’ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗುತ್ತಿತ್ತು.

ಎಲ್ಲಕ್ಕಿಂತ ದೊಡ್ಡ ತಲೆನೋವು ಪ್ರೂಫು. ಅಚ್ಚಿಗೆ ಹೋಗುವ ಮೊದಲು ಒಂದು ಪ್ರತಿ ತೆಗೆದು ಮನೆಯವರಿಗೆ ಕೊಡುತ್ತೇವೆ. ಅವರು ಓದಿ, ತಪ್ಪಿದ್ದಲ್ಲಿ ಕೆಂಪು ಪೆನ್ನಿನಿಂದ ಗುರುತು ಹಾಕಿ, ಕೆಳಗೆ ಸಹಿ ಮಾಡಿ ತರಬೇಕು. ಎಲ್ಲ ಕಡೆ ನಡೆಯುವುದು ಹೀಗೆ. ನಮ್ಮ ಕಡೆ ಮಾತ್ರ ಲಗ್ನಪತ್ರಿಕೆ ಎಂಬುದು ಮನೆ ಸೇರಿದ ಕ್ಷಣಕ್ಕೇ ದೇವರ ಜಗುಲಿಗೆ ಹೋಗುತ್ತದೆ. ಅದು ಬರೀ ಪ್ರೂಫು, ಕಾರ್ಡಲ್ಲ ಎಂದು ಎಷ್ಟು ಬಡಿದುಕೊಂಡರೂ ಯಾರು ಕೇಳಬೇಕು? ಹೆಂಗಸರು ನಾಲ್ಕು ಮೂಲೆಗೆ ಅರಿಶಿನ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಕೈಮುಗಿದುಬಿಡುತ್ತಿದ್ದರು. ಅರಿಶಿನ ಹತ್ತಿದ ಕಾಗದದಲ್ಲಿ ಯಾರದಾದರೂ ಹೆಸರಿನ ಮೇಲೆ ಪೆನ್ನಿನಿಂದ ಗೀಚಿದರೆ ಅಪಶಕುನ. ಹಾಗಾಗಿ ತಪ್ಪು ಕಂಡವರೂ ಬಾಯಿ ಮುಚ್ಚಿಕೊಂಡು ‘ಎಲ್ಲಾ ಬರೋಬ್ಬರಿ ಐತಿ’ ಎಂದು ಸಹಿ ಹಾಕಿ ಕಳಿಸುತ್ತಿದ್ದರು. ಅಚ್ಚಾದ ಮೇಲೆ ಅದೇ ಜನ ಬಂದು ನಮ್ಮ ಮೇಲೆ ಹರಿಹಾಯುತ್ತಿದ್ದರು.

ಆ ವರ್ಷದ ಲಗ್ನಸರಾಯಿಯಲ್ಲಿ, ಮದುವೆಗಳ ಸುಗ್ಗಿಯಲ್ಲಿ, ಶಿರಗುಪ್ಪಿಯಿಂದ ಒಂದು ಮನೆಯವರು ಬಂದರು. ಕಬ್ಬಿನ ಹೊಲದವರು. ಅಪ್ಪ, ಮದುವೆಯಾಗಬೇಕಾದ ಮಗಳು, ಮತ್ತು ಹುಡುಗಿಯ ಸೋದರಮಾವ. ವರನ ಊರು ತೆಲಸಂಗದ ಕಡೆ. ಕಾರ್ಡಿನಲ್ಲಿ ವಧೂವರರ ಫೋಟೋ ಹಾಕಿಸುವ ಶೋಕಿ ಆಗಷ್ಟೇ ಹುಟ್ಟಿತ್ತು. ಅದಕ್ಕೇ ಕಂಪ್ಯೂಟರ್ ಹುಡುಕಿಕೊಂಡು ನಮ್ಮಲ್ಲಿಗೆ ಬಂದಿದ್ದರು. ಅಪ್ಪ ಹೆಸರುಗಳ ಚೀಟಿಯನ್ನೂ ಎರಡು ಫೋಟೋಗಳನ್ನೂ ಕೊಟ್ಟು, ಬಟ್ಟೆ ಅಂಗಡಿಗೆ ಹೋಗಿಬರುತ್ತೇನೆಂದು ಎದ್ದ. ಸೋದರಮಾವ ಬಾಗಿಲ ಹತ್ತಿರದ ಬಾಕಿನ ಮೇಲೆ ಕುಳಿತ. ಮೂವತ್ತರ ಆಸುಪಾಸಿನವನು, ಹೆಚ್ಚು ಮಾತಿಲ್ಲ. ಮಾತಾಡದವರನ್ನು ಕಂಡರೆ ನನಗೆ ಮೊದಲೇ ಆಗಿಬರುವುದಿಲ್ಲ.

ಹುಡುಗಿ ಮಾತ್ರ ಕುರ್ಚಿ ಎಳೆದುಕೊಂಡು ನನ್ನ ಮಗ್ಗುಲಿಗೇ ಕುಳಿತಳು. ‘ಇದೇನ್ರಿ ಅಕ್ಕಾರ? ಅದ್ಯಾಕ್ರಿ?’ ಒಂದಾದ ಮೇಲೊಂದು ಪ್ರಶ್ನೆ. ಟೆಂಪ್ಲೇಟ್ ಎಂದರೇನು ಎಂದು ಕೇಳಿದಳು. ‘ಹಿಂದಿನ ಮದುವಿ ಕಾರ್ಡ್ ಇಟ್ಕೊಂಡಿರತೇವವ್ವ. ಅದರಾಗಿನ ಹೆಸರು ತಗದು ನಿಮ್ಮ ಹೆಸರು ತುಂಬತೇವಿ. ತಗೀಲಿಕ್ಕ ಮರತದ್ದು ಹಂಗ ಉಳೀತೈತಿ’ ಎಂದೆ. ಪ್ರೂಫ್ ಎಂದರೇನೆಂದು ಕೇಳಿದಳು. ಅದಕ್ಕಂತೂ ನನ್ನ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಾರಿದೆ. ‘ನೀವು ಗುರುತು ಹಾಕಲಿಲ್ಲಂದ್ರ ಇದ್ದಂಗ ಅಚ್ಚಾಗತೈತಿ, ತಿಳೀತಿಲ್ಲೊ? ದೇವರ ಮುಂದ ಇಟ್ಟು ಅರಿಶಿನ ಹಚ್ಚಿದ್ರ ಮುಗೀತು. ಆಮ್ಯಾಲ ಅದರಾಗ ಹಾವು ಇದ್ರೂ ಯಾರೂ ಪೆನ್ನ ಮುಟ್ಟಸಂಗಿಲ್ಲ’ ಎಂದು ಗದರಿಸಿಯೇ ಹೇಳಿದೆ. ಅವಳು ಹೂಂ ಹೂಂ ಎಂದು ಕೇಳಿದಳು. ಇಷ್ಟೊಂದು ಕೇಳುತ್ತಾಳಲ್ಲ, ರಾಯಬಾಗದಲ್ಲಿ ಹೊಸದಾಗಿ ಪ್ರೆಸ್ಸು ಹಾಕುವ ವಿಚಾರದಲ್ಲಿರುವ ಯಾರೋ ಇವಳನ್ನು ಕಳಿಸಿರಬೇಕು ಎಂದು ನನ್ನ ತಲೆಯಲ್ಲಿ ಓಡಿತು. ನನ್ನ ಸಂಶಯ ಓಡುವುದೇ ಹಾಗೆ, ಹಾದಿ ಬಿಟ್ಟು.

ವರನ ಫೋಟೋ ಕೈಗೆತ್ತಿಕೊಂಡೆ. ಆಗಿನ ಸ್ಟುಡಿಯೋ ಫೋಟೋಗಳಿಗೆ ಸುತ್ತಲೂ ಬಿಳಿ ಅಂಚು ಇರುತ್ತಿತ್ತು. ಇದಕ್ಕೆ ಮೂರು ಕಡೆ ಮಾತ್ರ ಇತ್ತು. ನಾಲ್ಕನೆಯ ಕಡೆ ಯಾರೋ ಕತ್ತರಿ ಆಡಿಸಿದ್ದರು. ಸ್ಕ್ಯಾನ್ ಮಾಡಿ ಪರದೆಯ ಮೇಲೆ ತಂದಾಗ, ಕತ್ತರಿಸಿದ ಆ ಅಂಚಿನಲ್ಲಿ, ವರನ ಮೊಳಕೈಗೆ ತಾಗಿದಂತೆ ಹಸಿರು ಬಣ್ಣದ್ದೇನೋ ಕಂಡಿತು.

‘ಅಕ್ಕಾರ, ಅದನ್ನ ದೊಡ್ಡದು ಮಾಡ್ರಿ’ ಎಂದಳು ಹುಡುಗಿ.

ದೊಡ್ಡದು ಮಾಡಿದೆ. ಬಳೆ. ಹಸಿರು ಗಾಜಿನ ಬಳೆಗಳು, ಒಂದರ ಮೇಲೊಂದು, ಮೊಳಕೈ ಕಡೆಗೆ ಒತ್ತಾಗಿ ಏರಿದ್ದವು. ಕೈ ಕಾಣುತ್ತಿರಲಿಲ್ಲ, ಬಳೆಗಳ ಅರ್ಧ ಸುತ್ತು ಅಷ್ಟೇ. ನಮ್ಮ ಕಡೆ ಅಷ್ಟು ಹಸಿರು ಬಳೆ ಒಟ್ಟಿಗೆ ತೊಡುವುದು ಯಾವಾಗ ಎಂದು ಹೆಣ್ಣುಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ.

‘ಇನ್ನೂ ದೊಡ್ಡದು ಮಾಡ್ರಿ.’

‘ಇನ್ನ ಬರಂಗಿಲ್ಲವ್ವ. ರೆಸಲ್ಯೂಶನ್ ಇಷ್ಟ ಐತಿ. ಮುಂದ ಹೋದ್ರ ಬರೇ ಚೌಕ ಚೌಕ ಕಾಣತೈತಿ’ ಎಂದೆ. ಮಾಡಿ ತೋರಿಸಿದೆ. ಹಸಿರು ಚೌಕಗಳ ಒಂದು ರಾಶಿ. ಹುಡುಗಿ ಬಾಗಿ ಆ ಚೌಕಗಳನ್ನೇ ನೋಡುತ್ತ ಕುಳಿತಳು.

ಅಷ್ಟರಲ್ಲಿ ಅಪ್ಪ ಬಂದ. ಹುಡುಗಿ ತಿರುಗಿ ನೇರವಾಗಿ ಕೇಳಿದಳು. ‘ಅಪ್ಪಾ, ಈ ಬಳಿ ಯಾರ್ದು? ಇದು ಮದುವಿ ಫೋಟೋ ಅಲ್ಲೇನು? ಅವಗ ಮೊದ್ಲ ಮದುವಿ ಆಗೇತೇನು?’

‘ಅವನ ಅಕ್ಕ ಇರಬೇಕು. ಯಾರ್ದರೆ ಮದುವ್ಯಾಗ ತಗಸಿದ್ದಿರಬೇಕು. ಎಲ್ಲಾದ್ರಾಗೂ ಸಂಶೇ ಮಾಡತಾಳ ನೋಡ್ರಿ’ ಎಂದ ಅಪ್ಪ ನನ್ನ ಕಡೆ ತಿರುಗಿ. ಸಂಶಯ ಮಾಡುವವಳ ಮುಂದೆಯೇ ಆ ಮಾತು!

ಬಾಗಿಲ ಹತ್ತಿರದ ಸೋದರಮಾವ ಎದ್ದು ನಿಂತ. ‘ಒಮ್ಮಿ ತೆಲಸಂಗಕ್ಕ ಹೋಗಿ ಕೇಳಿಕೊಂಡು ಬರೂಣ ಭಾವ...’

‘ನೀ ಸುಮ್ನ ಕುಂದ್ರು. ನಿನಗ ಕೊಡಲಿಲ್ಲಂತ ನಿನ್ನ ಹೊಟ್ಟ್ಯಾಗ ಐತಿ, ಅದು ನನಗ ಗೊತ್ತೈತಿ.’

ಅವನು ಕುಳಿತ. ನನಗೆ ಆಗ ಎಲ್ಲ ಕೂಡಿ ಬಂತು. ಅಕ್ಕನ ಮಗಳನ್ನು ಸೋದರಮಾವ ಕೇಳುವುದು ನಮ್ಮಲ್ಲಿ ಹಕ್ಕಿನ ಹಾಗೆ. ಕೇಳಿದ್ದಾನೆ, ಇವರು ಕೊಟ್ಟಿಲ್ಲ. ಈ ಮದುವೆ ಮುರಿದರೆ ಲಾಭ ಯಾರಿಗೆ ಎಂದು ಕೂಸೂ ಹೇಳೀತು. ಅವನ ಮೇಲೆ ಒಂದು ಕಣ್ಣಿಡಬೇಕು ಎಂದುಕೊಂಡೆ.

‘ಆ ಹಸಿರು ಕಾಣದಂಗ ಮಾಡ್ರಿ ಬಾಯಾರ’ ಎಂದ ಅಪ್ಪ. ನಾನು ಚೌಕಟ್ಟನ್ನು ಒಳಗೆ ಎಳೆದೆ; ಬಳೆ ಮರೆಯಾಯಿತು. ಇದಕ್ಕೆ ಕ್ರಾಪ್ ಎನ್ನುತ್ತಾರೆ ಎಂದು ಹುಡುಗಿಗೆ ಹೇಳಿದೆ.

‘ಕತ್ತರಿಸಿದ್ದು ಎಲ್ಲಿ ಹೋತ್ರಿ?’

‘ಎಲ್ಲೂ ಹೋಗಂಗಿಲ್ಲ. ಒಳಗ ಇರತೈತಿ. ಕಾಣಂಗಿಲ್ಲ, ಅಷ್ಟ.’

ಅವಳು ಎದ್ದಳು. ಹೋಗುವಾಗ ಮೆಟ್ಟಿಲ ಮೇಲೆ ಚಪ್ಪಲಿ ಹುಡುಕುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡದ್ದನ್ನು ನೋಡಿದೆ. ಆದರೆ ನಾನು ಯಾರು? ಕಾರ್ಡು ಅಚ್ಚು ಹಾಕುವವಳು.

ಹೆಸರುಗಳನ್ನು ತುಂಬಿದ್ದು ಅಣ್ಣ. ಹಿಂದಿನ ಕಾರ್ಡನ್ನೇ ಟೆಂಪ್ಲೇಟ್ ಮಾಡಿಕೊಂಡು ಅವಸರದಲ್ಲಿ ಮುಗಿಸಿದ. ಪ್ರೂಫ್ ಒಯ್ಯಲು ಸೋದರಮಾವ ಬಂದ; ಕೆಲ ದಿನಗಳಾದ ಮೇಲೆ ವಾಪಸು ತಂದವನೂ ಅವನೇ. ಬಿಚ್ಚಿ ನೋಡಿದರೆ ನಾಲ್ಕು ಮೂಲೆಗೂ ಅರಿಶಿನ. ಅದಲ್ಲದೆ ನಡುವೆ, ವರನ ಅಪ್ಪನ ಹೆಸರಿನ ಸಾಲು ಶುರುವಾಗುವಲ್ಲಿ, ಹೆಬ್ಬೆರಳಿನಷ್ಟು ಅಗಲ ದಪ್ಪಗೆ ಅರಿಶಿನ, ಅದರ ಮೇಲೆ ಕುಂಕುಮ. ಕೆಳಗೆ ಹುಡುಗಿಯ ಅಪ್ಪನ ಸಹಿ.

‘ಓದ್ಯಾರೇನ್ರಿ ಯಾರರೆ?’ ಎಂದು ಕೇಳಿದೆ.

‘ದೇವರ ಮುಂದ ಇಟ್ಟಾರ್ರಿ. ಇನ್ನ ಏನೂ ಗೀಚಬಾರದಂತ. ಹಂಗ ಹಾಕ್ರಿ’ ಎಂದ. ನನ್ನ ಕಣ್ಣು ತಪ್ಪಿಸಿ ಗೋಡೆಯ ಕ್ಯಾಲೆಂಡರ್ ನೋಡುತ್ತ ಹೇಳಿದ. ಅದನ್ನು ನಾನು ಗಮನಿಸಿದೆ, ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ. ಗುರುತು ಒಂದೂ ಇಲ್ಲದ್ದರಿಂದ ಕಾರ್ಡು ಹಾಗೆಯೇ ಫೋಟೋ ಅಚ್ಚು ಹಾಕುವ ನಿಪ್ಪಾಣಿಯ ಆಫ್‌ಸೆಟ್‌ಗೆ ಹೋಗಿ ಅಚ್ಚಾಗಿ ಬಂತು.

ಕಾರ್ಡು ಹಂಚಿದ ವಾರ ಕಳೆದಿತ್ತೋ ಇಲ್ಲವೋ, ಮಧ್ಯಾಹ್ನದ ಬಿಸಿಲಲ್ಲಿ ಒಂದು ಜೀಪು ಬಂದು ಅಂಗಡಿಯ ಮುಂದೆ ನಿಂತಿತು. ಮೊದಲು ಇಳಿದವನು ವರನ ಅಪ್ಪ. ತಲೆಗೆ ದೊಡ್ಡ ಹಳದಿ ಪಟಕಾ, ಮೀಸೆ ನಡುಗುತ್ತಿತ್ತು. ಅವನ ಹಿಂದೆ ಹುಡುಗಿಯ ಅಪ್ಪ ಮತ್ತು ಸೋದರಮಾವ. ಮೊದಲು ಶಿರಗುಪ್ಪಿಗೆ ಹೋಗಿ ಜಗಳ ಮಾಡಿ, ಅಲ್ಲಿಂದ ಇವರನ್ನೂ ಹತ್ತಿಸಿಕೊಂಡು ಬಂದಿದ್ದ.

‘ಯಾರಲೇ ಮಾಲಕ? ಬಾ ಇಲ್ಲೆ. ಮುಟ್ಟಿ ನೋಡು ನನ್ನ. ಬೆಚ್ಚಗ ಅದೀನೋ ತಣ್ಣಗ ಅದೀನೋ ಹೇಳು!’

ಅಣ್ಣ ಹೆದರಿ ನಿಜವಾಗಿಯೂ ಕೈ ಮುಂದೆ ಮಾಡಿದ. ನಗು ಬರುವ ಹೊತ್ತಲ್ಲ, ಆದರೂ ನನಗೆ ಬಂತು. ಕಾರ್ಡು ಇಸಿದುಕೊಂಡು ನೋಡಿದೆ. ವರನ ಅಪ್ಪನ ಹೆಸರಿನ ಹಿಂದೆ, ಸತ್ತವರಿಗೆ ಹಾಕುವ ‘ದಿವಂಗತ’. ಹಿಂದಿನ ಕಾರ್ಡಿನ ವರನಿಗೆ ಅಪ್ಪ ಇರಲಿಲ್ಲ. ಟೆಂಪ್ಲೇಟಿನಲ್ಲಿ ಆ ಪದ ಹಾಗೇ ಉಳಿದುಕೊಂಡು, ಕುಳಿತು ಉಣ್ಣುವ ಮನುಷ್ಯನ ಹಣೆಗೆ ಹತ್ತಿತ್ತು.

‘ಸುತ್ತ ಹಳ್ಳಿಯೆಲ್ಲಾ ನನ್ನ ಮಣ್ಣಿಗೆ ಬರಾಕ ತಯಾರಾಗ್ಯಾರ! ನನ್ನ ತಂಗಿ ಅಳಕೋತ ಓಡಿ ಬಂದಾಳ!’

ನಾನು ಕಪಾಟಿನಿಂದ ಪ್ರೂಫ್ ತೆಗೆದೆ. ಇಂಥ ದಿನಕ್ಕೆಂದೇ ಎಲ್ಲ ಪ್ರೂಫುಗಳನ್ನೂ ಕಟ್ಟಿ ಇಡುತ್ತಿದ್ದೆ. ಬಾಗಿಲಿಗೆ ಬಂದು ಬಿಸಿಲಿಗೆ ಎದುರು ಹಿಡಿದೆ. ಒಣಗಿದ ಅರಿಶಿನದ ಹಿಂದೆ ಆ ಪದ ಸ್ಪಷ್ಟವಾಗಿ ಕಂಡಿತು. ‘ನೋಡ್ರಿ. ಪ್ರೂಫಿನ್ಯಾಗೂ ಇತ್ತು. ಯಾರೋ ಅದರ ಮ್ಯಾಲ ಸರಿಯಾಗಿ ನೋಡಿ ಅರಿಶಿನ ಒತ್ತ್ಯಾರ. ಕೆಳಗ ಇವರ ಸಹಿ ಐತಿ’ ಎಂದೆ.

ಹುಡುಗಿಯ ಅಪ್ಪ ಒಂದು ಕ್ಷಣ ನೋಡಿದ. ಮರುಕ್ಷಣ ಸೋದರಮಾವನ ಅಂಗಿಯ ಕೊರಳಪಟ್ಟಿ ಅವನ ಮುಷ್ಟಿಯಲ್ಲಿತ್ತು. ‘ನೀನ ಅಲ್ಲೇನಲೇ ತಂದು ಕೊಟ್ಟಾಂವ? ಮನಿ ಹಾಳ ಮಾಡಿದ್ಯಲ್ಲೋ!’

ಸೋದರಮಾವ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ತಲೆ ತಗ್ಗಿಸಿ ನಿಂತ. ಸಿಕ್ಕಿಬಿದ್ದ ಕಳ್ಳ ಎಂದು ನನಗೆ ಖಾತ್ರಿಯಾಯಿತು.

ವರನ ಅಪ್ಪನಿಗೆ ಇದರಿಂದ ಸಮಾಧಾನವಾಗಲಿಲ್ಲ, ಇನ್ನಷ್ಟು ಏರಿತು. ‘ನಿಮ್ಮ ನಿಮ್ಮ ಜಗಳದಾಗ ನನ್ನ ಹೆಣಾ ಹೊತ್ರೇನು? ಮೊದಲಿನ ಬೀಗರು ನನ್ನ ಕೋರ್ಟಿಗೆ ಎಳದ್ರು, ಅವರು ಸುದ್ದಾ ನನ್ನ ಹಿಂಗ ಜೀವಂತ ಕೊಂದಿರಲಿಲ್ಲ!’

ಜೀಪಿನ ಡ್ರೈವರ್ ಹೊರಗೆ ಕೆಮ್ಮಿದ್ದು ಕೇಳಿಸಿತು. ನನ್ನ ಕಿವಿ ನೆಟ್ಟಗಾದವು.

‘ಮೊದಲಿನ ಬೀಗರು ಅಂದ್ರ ಯಾರ್ರಿ ಹಿರ್ಯಾರ?’ ಎಂದು ಕೇಳಿದೆ.

‘ಅಂದ್ರ... ನನ್ನ ಮಗಳ ಮಾವ... ಅವರು...’

‘ಒಂದ ಮಿನಿಟ್ ನಿಂದರ್ರಿ.’ ಕಂಪ್ಯೂಟರ್ ಮುಂದೆ ಕುಳಿತೆ. ಆ ಕಾರ್ಡನ್ನು ತೆರೆದೆ. ಫೋಟೋದ ಚೌಕಟ್ಟನ್ನು ಹಿಡಿದು ಹೊರಕ್ಕೆ ಎಳೆದೆ. ಮರೆಯಾಗಿದ್ದ ಅಂಚು ತಿರುಗಿ ಬಂತು, ಹಸಿರು ಬಳೆಗಳ ಅರ್ಧ ಸುತ್ತು. ‘ಈಕಿ ನಿಮ್ಮ ಮಗಳೇನ್ರಿ?’

ಅವನು ನೋಡಿದ. ಮೀಸೆಯ ನಡುಕ ನಿಂತುಹೋಯಿತು. ಬಾಕಿನ ಮೇಲೆ ಕುಸಿದು ಕುಳಿತು, ‘ಅದು ಮುಗದ ವಿಷಯ ಬಿಡ್ರಿ. ಕೋರ್ಟಿನ್ಯಾಗ ನಡದೈತಿ, ಮುಗದಂಗ’ ಎಂದ.

‘ನಡದೈತಿ ಅಂತೀರಿ, ಮುಗದೈತಿ ಅಂತೀರಿ’ ಎಂದ ಹುಡುಗಿಯ ಅಪ್ಪ. ಸೋದರಮಾವನ ಕೊರಳಪಟ್ಟಿ ಬಿಟ್ಟಿದ್ದ. ಧ್ವನಿ ಸೋತಿತ್ತು. ‘ನನ್ನ ಮಗಳು ಇಲ್ಲೇ ಕುಂತು ಕೇಳಿದ್ಲು. ಅಕ್ಕ ಇರಬೇಕು ಅಂತ ನಾನ ಬಾಯಿ ಮುಚ್ಚಿಸಿದ್ನಿ.’

ಮದುವೆ ಅಲ್ಲಿಗೇ ನಿಂತಿತು. ವರನ ಕಡೆಯ ಜೀಪು ಇವರನ್ನು ಬಿಟ್ಟು ಹೋಯಿತು. ಅಪ್ಪನೂ ಸೋದರಮಾವನೂ ಕಾಗವಾಡದ ಬಸ್ಸಿಗೆ ನಡೆದುಹೋದರು, ಒಬ್ಬ ಮುಂದೆ, ಒಬ್ಬ ಹಿಂದೆ. ಅನಾಹುತ ತಪ್ಪಿತು ಎಂದು ನನಗೆ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೂ ಸೋದರಮಾವನ ಬಗ್ಗೆ ಒಳ್ಳೆಯ ಮಾತು ಬರಲಿಲ್ಲ. ತನ್ನ ಸ್ವಾರ್ಥಕ್ಕೆ ಮಾಡಿದ್ದು, ಅದೃಷ್ಟಕ್ಕೆ ಹುಡುಗಿ ಉಳಿದಳು ಎಂದೇ ಅಣ್ಣನಿಗೆ ಹೇಳಿದೆ. ‘ಇನ್ನ ಮುಂದಿನ ಕಾರ್ಡು ಅವರಿಬ್ಬರದ ನೋಡು’ ಎಂದೂ ಸೇರಿಸಿದೆ.

ಮುಂದಿನ ಲಗ್ನಸರಾಯಿಗೆ ಆ ಹುಡುಗಿ ಬಂದೇ ಬಂದಳು. ತಾಯಿಯನ್ನು ಕರೆದುಕೊಂಡು ಬಂದಿದ್ದಳು; ತಾಯಿ ಹೊರಗೆ ಬಳೆಗಾರನ ಹತ್ತಿರ ನಿಂತಳು. ಹುಡುಗಿ ಕಾರ್ಡಿನ ಚೀಟಿ ಕೊಟ್ಟಳು. ವರ, ಸೋದರಮಾವ. ನಾನು ಅಣ್ಣನ ಕಡೆ ನೋಡಿ ಹುಬ್ಬು ಹಾರಿಸಿದೆ. ಆಮೇಲೆ ವಧುವಿನ ಸಾಲು ಓದಿದೆ. ಯಾರೋ ಅಲಖನೂರದ ಹುಡುಗಿ.

‘ಅಲ್ಲವ್ವ, ನಾ ತಿಳಕೊಂಡಿದ್ದೆ ನೀನ...’

‘ಅಯ್ಯ, ನನ್ನ ಎತ್ತಿ ಆಡಸ್ಯಾನ್ರಿ ಅಕ್ಕಾರ ಅಂವ. ಅಂವಗ ಹೆಂಗ ಮದುವಿ ಆಗ್ಲಿ? ನಾನ ಒಲ್ಲೆ ಅಂದಿದ್ದೆ. ಅದಕ್ಕ ಹೊರಗ ಕೊಡಾಕ ನಿಂತಿದ್ರು.’

ಅಲ್ಲೇ ಪ್ರೂಫ್ ತೆಗೆದು ಕೊಟ್ಟೆ. ಅವಳು ಮನೆಗೆ ಒಯ್ಯಲಿಲ್ಲ. ನನ್ನ ಮೇಜಿನ ಮೇಲಿನ ಕೆಂಪು ಪೆನ್ನು ಎತ್ತಿಕೊಂಡು, ಒಂದೊಂದು ಸಾಲಿಗೂ ಬೆರಳಿಟ್ಟು ಓದಿ, ಎರಡು ಕಡೆ ನಿರ್ದಾಕ್ಷಿಣ್ಯವಾಗಿ ಹೊಡೆದುಹಾಕಿ ತಿದ್ದಿದಳು. ಲಗ್ನಪತ್ರಿಕೆಯ ಮೇಲೆ ಕೆಂಪು ಪೆನ್ನು ಆಡಿಸಿದ ಹೆಣ್ಣುಮಗಳನ್ನು ನಾನು ಮೊದಲ ಸಲ ನೋಡಿದ್ದು. ತಲೆ ಎತ್ತದೆಯೇ ಅಂದಳು:

‘ಅವತ್ತ ಆ ಅರಿಶಿನ ಒತ್ತಿದಾಕಿ ನಾನರಿ. ತಪ್ಪು ಕಂಡ ಕೂಡಲೆ ನೀವು ಹೇಳಿದ್ದು ನೆನಪಾತು. ಇದು ಹಂಗ ಅಚ್ಚಾದ್ರ ಮದುವಿ ನಿಂದ್ರತೈತಿ ಅನಸ್ತು. ಅಪ್ಪ ನೋಡೂದ್ರೊಳಗ ದೇವರ ಮುಂದ ಇಟ್ಟೆ.’

ತರಕಾರಿಯವಳನ್ನು, ರಾಯಬಾಗದವರನ್ನು, ಸೋದರಮಾವನನ್ನು, ಎಲ್ಲರನ್ನೂ ಸಂಶಯಿಸಿದ್ದೆ. ಮಗ್ಗುಲಲ್ಲೇ ಕುಳಿತು ಎಲ್ಲ ಕೇಳಿ ಕಲಿತವಳನ್ನು ಬಿಟ್ಟು. ‘ಮತ್ತ ನಿಮ್ಮ ಮಾವಗ?’ ಎಂದು ಕೊನೆಗೆ ಕೇಳಿದೆ.

‘ಗೊತ್ತಿತ್ರಿ. ಬಸ್ಸಿನ್ಯಾಗ ಪ್ರೂಫ್ ಕಿಡಕಿಗೆ ಹಿಡದು ನೋಡ್ಯಾನ. ತಿದ್ದಸಬೌದಿತ್ತು, ತಿದ್ದಸಲಿಲ್ಲ. ಇವತ್ತಿಗೂ ಊರಾಗ ಅಂವಗ ಮದುವಿ ಮುರದಾಂವ ಅಂತಾರ. ನಾ ಹೇಳತೇನಿ ಅಂದ್ರ, ನಿನ್ನ ಹೆಸರು ಕೆಡತೈತಿ, ನೀ ಸುಮ್ನಿರು ಅಂತಾನ.’

ಪ್ರೂಫನ್ನು ನನ್ನ ಕಡೆ ಸರಿಸಿದಳು. ಅವಳ ಕಣ್ಣು ತುಂಬಿದ್ದವು, ನನ್ನವೂ. ಸೋದರಮಾವನ ಹೆಸರಿನ ಸುತ್ತ ಕೆಂಪು ಗೆರೆ ಎಳೆದಿದ್ದಳು.

‘ಇದನ್ನ ದೊಡ್ಡದು ಮಾಡ್ರಿ ಅಕ್ಕಾರ. ನಮ್ಮಪ್ಪನ ಹೆಸರಿಗಿಂತ, ಎಲ್ಲಾರ ಹೆಸರಿಗಿಂತ.’

ಎಷ್ಟು ಪಾಯಿಂಟ್ ಎಂದು ನಾನು ಕೇಳಲಿಲ್ಲ. ಪಕ್ಕದಲ್ಲಿ ಬಿಟ್ಟಿದ್ದ ಖಾಲಿ ಜಾಗವನ್ನೆಲ್ಲ ತೆಗೆದು, ಕಾರ್ಡಿನ ಅಗಲಕ್ಕೆ ಎಷ್ಟು ಹಿಡಿಯುತ್ತದೋ ಅಷ್ಟು ದೊಡ್ಡದು ಮಾಡಿದೆ.